ಹುಳಿ ಹಾಕುವ ಹೊತ್ತು

ಎರಡು ಚಿಕ್ಕ ಪಾತ್ರೆಗಳಲ್ಲಿ ಒಂದೊಂದು ಹಿಡಿ ತೊಗರಿಬೇಳೆ ಹಾಕಿ. ಎರಡಕ್ಕೂ ಅಷ್ಟಷ್ಟೇ ನೀರು, ಒಂದೇ ಹದದ ಉರಿ. ಒಂದಕ್ಕೆ ಮಾತ್ರ ಮೊದಲೇ ಎರಡು ಚಮಚ ಗಟ್ಟಿ ಹುಣಸೆರಸ ಬೆರೆಸಿ. ಮುಕ್ಕಾಲು ಗಂಟೆ ಬಿಟ್ಟು ನೋಡಿ. ಹುಳಿಯಿಲ್ಲದ ಬೇಳೆ ಸೌಟು ತಾಗಿದರೆ ಕರಗುತ್ತದೆ. ಹುಳಿ ಬಿದ್ದ ಬೇಳೆ ಇನ್ನೂ ಬೇಳೆಯಾಗಿಯೇ ತಳದಲ್ಲಿ ಉರುಳಾಡುತ್ತಿರುತ್ತದೆ. ಮತ್ತೊಂದಿಷ್ಟು ಹೊತ್ತು ಕುದಿಸಿದರೂ ಹಲ್ಲಿಗೆ ಸಿಗುತ್ತದೆ. ಮನೆಯಲ್ಲಿ ಮಾಡಬಹುದಾದ ಅಡುಗೆ ಪ್ರಯೋಗಗಳಲ್ಲಿ ಇದಕ್ಕಿಂತ ಅಗ್ಗದ್ದು ನನಗೆ ಗೊತ್ತಿಲ್ಲ. ಕನ್ನಡಿಗರ ಅರ್ಧ ಅಡುಗೆಯ ಗುಟ್ಟು ಈ ಎರಡು ಪಾತ್ರೆಗಳಲ್ಲೇ ಇದೆ.

ಅಡುಗೆಯ ಪ್ರಯೋಗ ಅಂದೊಡನೆ ದೋಸೆಯ ಮೇಲೆ ಚೀಸು ಸುರಿಯುವುದು, ನೂಡಲ್ಸಿಗೆ ವಾಂಗೀಬಾತಿನ ಪುಡಿ ಉದುರಿಸುವುದು ಕಣ್ಣಿಗೆ ಬರುವ ಕಾಲ ಇದು. ಮಾಡುವವರು ಮಾಡಲಿ, ಮಕ್ಕಳು ತಿನ್ನುತ್ತವೆ. ನನಗೆ ಇಷ್ಟವಾಗುವುದು ದಿನಾ ಮಾಡುವ ಸಾರಿನಲ್ಲೇ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಏನಾಯಿತು ಎಂದು ನೋಡುವ ಪ್ರಯೋಗ. ಹಾಗೆ ನೋಡುತ್ತ ಹೋದರೆ ಅಳತೆ ಬಹುಮಟ್ಟಿಗೆ ಬಗ್ಗುತ್ತದೆ. ಪುಡಿ ಅರ್ಧ ಚಮಚ ಹೆಚ್ಚಾಯಿತು, ಬೇಳೆ ಒಂದು ಹಿಡಿ ಕಡಿಮೆಯಾಯಿತು, ಊಟವೇನೂ ಕೆಡುವುದಿಲ್ಲ. ಬಗ್ಗದೆ ನಿಲ್ಲುವುದು ಹುಳಿ ಹಾಕುವ ಹೊತ್ತು. ಬೇಳೆಗೆ ಒಂದು ಹೊತ್ತು, ಮೊಸರಿಗೆ ಒಂದು, ನಿಂಬೆಗೆ ಒಂದು, ಮೀನಿಗೆ ಮತ್ತೊಂದು.

ನಾಲ್ಕು ದಿನ ಊರೂರು ಸುತ್ತಿ ಹೋಟೆಲೂಟ ಮಾಡಿ ಬಂದವರನ್ನು, ಜ್ವರ ಬಿಟ್ಟು ಎದ್ದವರನ್ನು, ಮದುವೆಮನೆಯ ಊಟದಿಂದ ಬಸವಳಿದವರನ್ನು ಏನು ಬೇಕು ಎಂದು ಕೇಳಿ ನೋಡಿ. ಯಾರೂ ಹೋಳಿಗೆ ಕೇಳುವುದಿಲ್ಲ. ಮೈಸೂರಿನವರಾದರೆ ಒಂದು ತಿಳಿಸಾರು ಸಾಕು ಅನ್ನುತ್ತಾರೆ. ಮಂಡ್ಯದವರು ಮುದ್ದೆ, ಉಪ್ಸಾರು ಅಂತಾರೆ. ಸಾಗರ, ಶಿರಸಿಯ ಕಡೆಯವರಿಗೆ ತಂಬುಳಿ ಬೇಕು, ಇಲ್ಲವೇ ಅಪ್ಪೆಹುಳಿ. ಕಲಬುರಗಿಯವರಿಗೆ ಬಿಸಿ ರೊಟ್ಟಿ, ಪುಂಡಿಪಲ್ಯೆ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ. ಊರು ಬೇರೆ, ಬಟ್ಟಲು ಬೇರೆ, ಎಲ್ಲದರಲ್ಲೂ ಇರುವುದು ಹುಳಿ. ಹುಳಿ ನಾಲಗೆಗೆ ತಗುಲಿದೊಡನೆ ಬಾಯಲ್ಲಿ ನೀರೂರುತ್ತದೆ. ಜ್ವರಕ್ಕೆ ಒಣಗಿದ ಬಾಯಿಗೆ ಅಷ್ಟೇ ಬೇಕಾಗಿರುತ್ತದೆ. ಅದಕ್ಕೆ ಬಿಸಿ, ಉಪ್ಪು, ತೆಳುವಾದ ನೀರು ಸೇರಿದರೆ ಅಗಿಯುವ ಶ್ರಮವೂ ಇಲ್ಲದೆ ಅನ್ನ ಒಳಗೆ ಇಳಿಯುತ್ತದೆ.

ಈಗ ಆ ಎರಡು ಪಾತ್ರೆಗಳಿಗೆ ಬರೋಣ. ಬೇಳೆಯಾಗಲಿ ತರಕಾರಿಯಾಗಲಿ, ಅದರ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಪದಾರ್ಥವೊಂದಿದೆ. ಅದರ ಹೆಸರು ಪೆಕ್ಟಿನ್. ಇಟ್ಟಿಗೆ ನಡುವಿನ ಗಾರೆಯ ಕೆಲಸ ಅದರದು. ಬೇಯುವುದೆಂದರೆ ಬಹುಪಾಲು ಈ ಗಾರೆ ಬಿಸಿನೀರಿನಲ್ಲಿ ಕರಗುವುದು. ನೀರಿನಲ್ಲಿ ಹುಳಿ ಇದ್ದರೆ ಕರಗುವ ವೇಗ ಇಳಿಯುತ್ತದೆ. ಸೋಡಾದಂಥ ಕ್ಷಾರವಿದ್ದರೆ ವೇಗ ಏರುತ್ತದೆ. ಸೋಡಾ ಹಾಕಿದ ಕಡಲೆಕಾಳು ಬೇಗ ಮೆತ್ತಗಾಗುವುದು ಅದಕ್ಕೇ, ಹಾಗೆಯೇ ಅದರ ರುಚಿ ಸಾಬೂನಿನ ಕಡೆಗೆ ವಾಲುವುದೂ ಉಂಟು. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದರಿಂದ ಈ ವ್ಯತ್ಯಾಸ ತುಸು ಮರೆಯಾಗುತ್ತದೆ, ಪೂರ್ತಿ ಅಲ್ಲ. ಹುಳಿ ಟೊಮೆಟೊ ಜೊತೆಗೇ ಕುಕ್ಕರಿಗೆ ಹಾಕಿದ ಬೇಳೆ ಮೂರು ಕೂಗಿಗೆ ಬೆಂದಂತೆ ಕಂಡರೂ ಕಡೆದಾಗ ನುಣ್ಣಗಾಗದೆ ತರಿತರಿಯಾಗಿ ಉಳಿಯುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು.

ಹುಳಿಯೇ ಇಲ್ಲದಿದ್ದರೂ ಬೇಳೆ ಬೇಯದ ಸಂದರ್ಭವಿದೆ. ಲಂಡನ್ನಿಗೆ ಹೋದ ಹೊಸತರಲ್ಲಿ ನಮ್ಮ ಅಕ್ಕನ ಮಗಳು ಫೋನು ಮಾಡಿದ್ದಳು. "ಚಿಕ್ಕಮ್ಮ, ಆರು ವಿಷಲ್ ಕೂಗಿಸಿದೆ, ಬೇಳೆ ಹಂಗೇ ಇದೆ. ಇಲ್ಲಿನ ಬೇಳೆನೇ ಸರಿ ಇಲ್ವಾ ಅಂತ?"

"ಕೆಟಲ್ ಒಳಗೆ ನೋಡು. ಬೆಳ್ಳಗೆ ಪದರ ಕಟ್ಟಿದ್ಯಾ?"

"ಸುಣ್ಣ ಬಳಿದ ಹಂಗಿದೆ."

"ಹಂಗಾದ್ರೆ ಬೇಳೆದಲ್ಲ ತಪ್ಪು, ನೀರಿಂದು."

ಲಂಡನ್ನಿನ ನಲ್ಲಿ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು. ಈ ಕ್ಯಾಲ್ಸಿಯಂ ಪೆಕ್ಟಿನ್ನಿನ ಎಳೆಗಳ ನಡುವೆ ಸೇರಿಕೊಂಡು ಅವನ್ನು ಇನ್ನೂ ಬಿಗಿಮಾಡುತ್ತದೆ. ಅಷ್ಟು ದೂರವೇಕೆ, ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಬೀದಿಯಿಂದ ಬೋರ್‌ವೆಲ್ ನೀರಿನ ಬಡಾವಣೆಗೆ ಮನೆ ಬದಲಿಸಿದವರಿಗೆ ಇದೇ ಅನುಭವ. ಕೋಲಾರ, ತುಮಕೂರಿನ ಆಳದ ಕೊಳವೆಬಾವಿ ನೀರನ್ನು ನಂಬಿದವರಿಗಂತೂ ಇದು ಹಳೇ ಕಥೆ. ನೀರನ್ನು ಮೊದಲೇ ಕುದಿಸಿ ಆರಿಸಿದರೆ ಕ್ಯಾಲ್ಸಿಯಂನ ಒಂದು ಪಾಲು ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ, ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಬೇಳೆಗಷ್ಟೇ ಫಿಲ್ಟರ್ ನೀರು ಬಳಸುವುದು ಇನ್ನೂ ಸುಲಭ. ಅಕ್ಕನ ಮಗಳು ಎರಡನೆಯದನ್ನು ಮಾಡಿದಳು, ಈಗ ಮೂರು ಕೂಗಿಗೆ ಬೇಯುತ್ತದಂತೆ. ಹಳೆಯ ದಾಸ್ತಾನಿನ ಬೇಳೆಯೂ ಹೀಗೆ ಹಟ ಮಾಡುತ್ತದೆ. ಸೆಖೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಕಾಳು ಒಳಗೊಳಗೇ ಗಟ್ಟಿಯಾಗಿರುತ್ತದೆ. ಹೊಸ ಬೆಳೆಯ ತೊಗರಿಬೇಳೆಗೆ, ಅದರಲ್ಲೂ 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿಯ ಬೇಳೆಗೆ, ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಉಪ್ಪಿನ ಮೇಲೂ ಇದೇ ಆರೋಪವಿದೆ, ಮೊದಲೇ ಉಪ್ಪು ಹಾಕಿದರೆ ಕಾಳು ಬೇಯದು ಎಂದು. ಇದು ನಿಜವಲ್ಲ. ಅವರೆ, ಅಲಸಂದೆ, ಕಡಲೆಯಂಥ ಸಿಪ್ಪೆಯಿರುವ ಕಾಳನ್ನು ಉಪ್ಪುನೀರಿನಲ್ಲಿ ನೆನೆಹಾಕಿದರೆ ಸಿಪ್ಪೆ ಇನ್ನೂ ಮೆದುವಾಗುತ್ತದೆ, ಏಕೆಂದರೆ ಉಪ್ಪಿನ ಸೋಡಿಯಂ ಸಿಪ್ಪೆಯ ಕ್ಯಾಲ್ಸಿಯಮ್ಮನ್ನು ಸ್ವಲ್ಪ ಮಟ್ಟಿಗೆ ಹೊರದಬ್ಬುತ್ತದೆ. ಬೇಳೆಗೆ ಹಾಕುವ ಎರಡು ತೊಟ್ಟು ಎಣ್ಣೆಯ ಕೆಲಸವೂ ಬೇಯಿಸುವುದಲ್ಲ, ನೊರೆ ಉಕ್ಕದಂತೆ ತಡೆಯುವುದು. ಅರಿಸಿನದ್ದು ಬಣ್ಣ, ವಾಸನೆ. ಒಟ್ಟಿನಲ್ಲಿ ಹಳೆಯ ದಾಸ್ತಾನನ್ನು ಬಿಟ್ಟರೆ ಬೇಳೆಯ ನಿಜವಾದ ಶತ್ರುಗಳು ಹುಳಿ ಮತ್ತು ಗಡಸು ನೀರು ಎರಡೇ.

ಪೆಕ್ಟಿನ್ನಿನ ಹೆಸರು ಕೇಳದವರು ಈ ನಿಯಮವನ್ನು ಎಷ್ಟು ಚೆನ್ನಾಗಿ ಪಾಲಿಸಿದ್ದಾರೆ ನೋಡಬೇಕಾದರೆ ಮಂಡ್ಯ, ಮೈಸೂರು, ಹಾಸನದ ಬಸ್ಸಾರು ನೋಡಬೇಕು. ಕಾಳು ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪು ಹಾಕಿ ಬೇಯಿಸಿ, ಆ ನೀರನ್ನು ಬಸಿಯುತ್ತಾರೆ. ಆಮೇಲಷ್ಟೇ ಈರುಳ್ಳಿ, ಬೆಳ್ಳುಳ್ಳಿ, ಸಾರಿನಪುಡಿ, ತೆಂಗಿನಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ ಆ ಬಸಿದ ನೀರಿಗೆ ಹಾಕಿ ಕುದಿಸುವುದು. ಕಾಳಿಗೂ ಸೊಪ್ಪಿಗೂ ಬೇಯುವಾಗ ಹುಳಿಯ ಸೋಂಕೇ ಇಲ್ಲ. ಸೊಪ್ಪಿನ ಹಸಿರು ಉಳಿಯುವುದೂ ಇದರಿಂದಲೇ. ಎಲೆಯ ಹಸಿರು ಬಣ್ಣದ ಕಣದ ನಡುವೆ ಮೆಗ್ನೀಸಿಯಂ ಕೂತಿರುತ್ತದೆ, ಬಿಸಿಯಲ್ಲಿ ಹುಳಿ ತಾಕಿದರೆ ಅದು ಕಳಚಿಕೊಂಡು ಹಸಿರು ಹೋಗಿ ಕಂದು ಬರುತ್ತದೆ. ಹುಣಸೆರಸದಲ್ಲಿ ಹೆಚ್ಚು ಹೊತ್ತು ಕುದಿದ ಹುರುಳಿಕಾಯಿಯ ಮಂಕು ಬಣ್ಣ ನೆನಪಿಸಿಕೊಳ್ಳಿ.

ಉಪ್ಸಾರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಹುಳಿಯನ್ನು ಪಾತ್ರೆಯ ಹತ್ತಿರವೇ ಬಿಡುವುದಿಲ್ಲ. ಬಸಿದ ನೀರಿಗೆ ಬರೀ ಉಪ್ಪು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಸೇರಿಸಿ ರುಬ್ಬಿದ ಖಾರ ಬೇರೆ ಬಟ್ಟಲಲ್ಲಿ. ಮುದ್ದೆ ಮುರಿಯುವವರು ತಮಗೆ ಬೇಕಾದಷ್ಟು ಖಾರವನ್ನು ತಟ್ಟೆಯಲ್ಲೇ ಕಲಸಿಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಹುಳಿ ಬೇಕೆನ್ನುವ ಅಜ್ಜನಿಗೂ ಬೇಡವೆನ್ನುವ ಮೊಮ್ಮಗಳಿಗೂ ಜಗಳವಿಲ್ಲ. ನನ್ನನ್ನು ಕೇಳಿದರೆ ನಮ್ಮ ನಾಡಿನ ಸಾರುಗಳಲ್ಲಿ ಅತ್ಯಂತ ಜಾಣತನದ್ದು ಇದೇ. ಹೋಟೆಲುಗಳ ಮೆನುವಿನಲ್ಲಿ ಈಗೀಗ ಕಾಣಿಸಿಕೊಳ್ಳುತ್ತಿದೆಯಾದರೂ ಅಲ್ಲಿ ಖಾರವನ್ನೂ ಮೊದಲೇ ಕಲಸಿ ಕೊಟ್ಟು ಅದರ ಮರ್ಯಾದೆ ತೆಗೆಯುತ್ತಾರೆ.

ಇನ್ನು ತಿಳಿಸಾರು. ನಾಲ್ಕು ಜನಕ್ಕೆ ಅರ್ಧ ಲೋಟ ತೊಗರಿಬೇಳೆ, ಎರಡು ಲೋಟ ನೀರು, ಚಿಟಿಕೆ ಅರಿಸಿನ ಹಾಕಿ ನುಣ್ಣಗೆ ಬೇಯಿಸಿ. ಕಡೆದು, ಇನ್ನೊಂದು ಲೋಟ ಬಿಸಿನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಆ ಬೇಳೆಕಟ್ಟು ನಮಗೆ ಬೇಕಾದದ್ದು. ತಳದ ಗಟ್ಟಿಯನ್ನು ಎಸೆಯಬೇಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಚಪಾತಿಗೆ ಆಗುತ್ತದೆ. ಬೇರೆ ಪಾತ್ರೆಯಲ್ಲಿ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಒಂದು ಚೂರು ಬೆಲ್ಲ, ಒಂದೆಸಳು ಕರಿಬೇವು, ಒಂದೂವರೆ ಲೋಟ ನೀರು. ಇದು ಹಸಿವಾಸನೆ ಹೋಗುವವರೆಗೆ, ಅಂದರೆ ಏಳೆಂಟು ನಿಮಿಷ, ಚೆನ್ನಾಗಿ ಕುದಿಯಬೇಕು. ಹುಣಸೆಯಲ್ಲಿರುವ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಅದು ಆವಿಯಾಗುವಂಥದ್ದಲ್ಲ. ಕುದಿಸಿದರೆ ಹೋಗುವುದು ಹಸಿವಾಸನೆ ಮಾತ್ರ, ನೀರು ಬತ್ತಿದಷ್ಟೂ ಹುಳಿ ಗಾಢವಾಗುತ್ತದೆ. ಆದ್ದರಿಂದ ಹುಳಿ ಜಾಸ್ತಿಯಾಯಿತೆಂದು ಇನ್ನಷ್ಟು ಕುದಿಸುವುದು ತದ್ವಿರುದ್ಧ ಕೆಲಸ.

ಆಮೇಲೆ ಬೇಳೆಕಟ್ಟು ಹಾಕಿ, ಅದು ಬಿಸಿಯೇರುವಾಗ ಎರಡು ಚಮಚ ಸಾರಿನಪುಡಿ. ಪುಡಿ ಬಿದ್ದ ಮೇಲೆ ಸಾರು ತಳಮಳ ಕುದಿಯಬಾರದು, ಅಂಚಿನಲ್ಲಿ ನೊರೆ ಎದ್ದು ಮೇಲೆ ಬಂದೊಡನೆ ಇಳಿಸಬೇಕು. ಕೊತ್ತಂಬರಿ, ಜೀರಿಗೆ, ಮೆಣಸಿನ ಪರಿಮಳವೆಲ್ಲ ಆವಿಯ ಜೊತೆ ಹಾರಿಹೋಗುವ ಎಣ್ಣೆಗಳಲ್ಲಿದೆ. ಸಾರು ಕುದಿಯುವಾಗ ಮನೆಯೆಲ್ಲ ಘಮಘಮ ಅಂದರೆ ಅಷ್ಟು ಘಮ ತಟ್ಟೆಗೆ ಬರುವುದಿಲ್ಲವೆಂದೇ ಲೆಕ್ಕ. ಕೊನೆಗೆ ತುಪ್ಪದಲ್ಲಿ ಸಾಸಿವೆ ಸಿಡಿಸಿ, ಉರಿ ಆರಿಸಿ, ಆ ಬಿಸಿಗೆ ಇಂಗು. ಇಂಗಿನ ವಾಸನೆ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಅದನ್ನು ನೇರವಾಗಿ ಸಾರಿಗೆ ಹಾಕದೆ ತುಪ್ಪಕ್ಕೆ ಹಾಕುವುದು.

ಪುಡಿಯ ವಿಷಯದಲ್ಲಿ ನಾನು ಹಟಮಾರಿ. ಒಂದು ಲೋಟ ಕೊತ್ತಂಬರಿ ಬೀಜ, ಎರಡು ದೊಡ್ಡ ಚಮಚ ಜೀರಿಗೆ, ಒಂದೊಂದು ದೊಡ್ಡ ಚಮಚ ಮೆಣಸು, ಮೆಂತ್ಯ, ಸಾಸಿವೆ, ಒಂದು ಹಿಡಿ ಕರಿಬೇವು. ಬಣ್ಣಕ್ಕೆ ಎರಡು ಹಿಡಿ ಬ್ಯಾಡಗಿ, ಖಾರ ಬೇಕಾದರೆ ನಾಲ್ಕು ಗುಂಟೂರು. ಎಲ್ಲವನ್ನೂ ಬೇರೆಬೇರೆ ಹುರಿಯಬೇಕು, ಒಂದೊಂದಕ್ಕೆ ಒಂದೊಂದು ಹದ. ಮೆಂತ್ಯ ಕೆಂಪಗಾಗುವ ಹೊತ್ತಿಗೆ ಜೀರಿಗೆ ಸೀದಿರುತ್ತದೆ. ಒಮ್ಮೆಗೆ ತಿಂಗಳಿಗಾಗುವಷ್ಟು ಮಾತ್ರ ಮಾಡಿ ಗಾಳಿಯಾಡದ ಡಬ್ಬದಲ್ಲಿಡಿ. ವರ್ಷಕ್ಕಾಗುವಷ್ಟು ಪುಡಿ ಮಾಡಿಸಿ ಮಕ್ಕಳ ಸೂಟ್‌ಕೇಸಿಗೆ ತುರುಕುವ ತಾಯಂದಿರ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ, ಆದರೆ ಆರನೇ ತಿಂಗಳಿಗೆ ಆ ಡಬ್ಬದಲ್ಲಿ ಉಳಿದಿರುವುದು ಬಣ್ಣ ಮತ್ತು ಖಾರ ಅಷ್ಟೇ. ಅದರ ಬದಲು ಬೀಜಗಳನ್ನು ಹುರಿಯದೆ, ಇಡಿಯಾಗಿ ಕಳಿಸಿದರೆ ಪರಿಮಳ ಅದರೊಳಗೇ ಭದ್ರವಾಗಿರುತ್ತದೆ.

ಟೊಮೆಟೊ ಎಲ್ಲಿ ಎಂದು ಕೇಳುತ್ತೀರಿ. ಬೇಡವೆಂದಲ್ಲ, ನೆಚ್ಚಿಕೊಳ್ಳಲಾಗದು. ಲಾರಿಯಲ್ಲಿ ನೂರಾರು ಮೈಲಿ ಹೋಗಿ ಜಜ್ಜದೆ ಉಳಿಯಲೆಂದು ಬೆಳೆಸಿದ ದಪ್ಪ ಸಿಪ್ಪೆಯ ಹಣ್ಣಿನಲ್ಲಿ ಹುಳಿ ಕಡಿಮೆ. ನಾಟಿ ಟೊಮೆಟೊ ಸಿಕ್ಕಿದರೆ ಮಾತು ಬೇರೆ. ಟೊಮೆಟೊ ಇಲ್ಲದೆ ಸಾರೇ ಇಲ್ಲ ಅನ್ನುವವರು 2023ರ ಜುಲೈ ನೆನಪಿಸಿಕೊಳ್ಳಲಿ. ಕಿಲೋಗೆ 100 ರೂಪಾಯಿ ದಾಟಿದಾಗ ಊರೆಲ್ಲ ಹುಣಸೆಹಣ್ಣಿನ ಡಬ್ಬ ಹುಡುಕಿತ್ತು, ಸಾರೇನೂ ನಿಲ್ಲಲಿಲ್ಲ. ಟೊಮೆಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. 1025ರ ಸುಮಾರಿನಲ್ಲಿ ಎರಡನೇ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಅಡುಗೆಯ ಬಗ್ಗೆ ಬರೆದಾಗ, ಅದಾದ ನೂರು ವರ್ಷಕ್ಕೆ ಕಲ್ಯಾಣದ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ರಾಜಭೋಜನವನ್ನು ವಿವರಿಸಿದಾಗ, ನಮ್ಮ ಅಡುಗೆಮನೆಗಳಲ್ಲಿ ಇವೆರಡರ ಸುಳಿವೂ ಇರಲಿಲ್ಲ. ಖಾರಕ್ಕೆ ಕಾಳುಮೆಣಸಿತ್ತು. ಹುಳಿಗೆ ಕೈಗೆಟುಕುವ ಕಾಯಿ, ಎಲೆ, ಮಜ್ಜಿಗೆ. ಇವತ್ತು ಸಂಪ್ರದಾಯವೆನಿಸಿದ ಟೊಮೆಟೊ ಸಾರು ಯಾರೋ ಧೈರ್ಯವಂತೆಯೊಬ್ಬಳ ಪ್ರಯೋಗವೇ ಆಗಿದ್ದಿರಬೇಕು. ಆ ದಿನ ಅವಳ ಅತ್ತೆ ಏನೆಂದಿರಬಹುದು ಎಂದು ನಾನು ಆಗಾಗ ಊಹಿಸುವುದುಂಟು.

ಕೈಗೆಟುಕುವ ಹುಳಿಗಳ ಪಟ್ಟಿ ಕರ್ನಾಟಕದಲ್ಲಿ ದೊಡ್ಡದು. ಘಟ್ಟದ ಕೆಳಗೆ ಪುನರ್ಪುಳಿ. ಅದನ್ನೇ ಮಲೆನಾಡಿನಲ್ಲಿ ಮುರುಗಲು ಅಂತಾರೆ, ಒಣಗಿಸಿದ ಸಿಪ್ಪೆಯ ಸಾರು ಕೆಂಪಗೆ ಶರಬತ್ತಿನ ಬಣ್ಣದಲ್ಲಿರುತ್ತದೆ, ಬೇಳೆಯೂ ಬೇಡ. ಕೊಡಗಿನಲ್ಲಿ ಕಾಚಂಪುಳಿ, ಹಣ್ಣಿನ ರಸವನ್ನು ಬತ್ತಿಸಿ ಮಾಡಿದ ಕಪ್ಪು ದ್ರವ. ಪಂದಿಕರಿ ಬೆಂದು ಇಳಿಸುವ ಹೊತ್ತಿಗೆ ಒಂದೆರಡು ಚಮಚ. ಉತ್ತರ ಕನ್ನಡದ ಅಪ್ಪೆಹುಳಿಗೆ ಹುಳಿಮಾವಿನ ಕಾಯಿ ಬೇಯಿಸಿ ಕಿವುಚಿದ ನೀರು, ಒಗ್ಗರಣೆಯಲ್ಲಿ ಇಂಗು ತುಸು ಧಾರಾಳ. ಕುಡಿದು ಮಲಗಿದರೆ ಬೇಸಿಗೆಯ ಮಧ್ಯಾಹ್ನ ನಿದ್ದೆ ಖಚಿತ. ಕಲ್ಯಾಣ ಕರ್ನಾಟಕದ ಪುಂಡಿಪಲ್ಯೆಯಲ್ಲಿ ಎಲೆಯೇ ಹುಳಿ. ಅಲ್ಲಿನ ಹೆಂಗಸರು ಪುಂಡಿ ಸೊಪ್ಪನ್ನು ಒಂದು ಕುದಿ ಬೇಯಿಸಿ ನೀರು ಬಸಿದು, ತೊಗರಿಬೇಳೆಯನ್ನೂ ಜೋಳದ ನುಚ್ಚನ್ನೂ ಬೇರೆ ಬೇಯಿಸಿಕೊಂಡು ಆಮೇಲೆ ಕೂಡಿಸಿ ತಿರುವುತ್ತಾರೆ. ಮಂಡ್ಯದ ಬಸ್ಸಾರಿನ ಜಾಣತನವೇ ಇಲ್ಲಿ ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿದೆ.

ಮೊಸರಿನ ಹುಳಿಯ ಕಥೆ ಪೂರಾ ಬೇರೆ. ಹಾಲಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತವೆ, ಹುಳಿ ಒಂದು ಮಟ್ಟ ಮುಟ್ಟಿದಾಗ ಹಾಲಿನ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಹೆಪ್ಪಾಗುತ್ತದೆ. ಆ ಹೆಣಿಗೆಗೆ ಬಿಸಿ ತಗುಲಿದರೆ ಅದು ಮುದುಡಿ ನೀರು ಬಿಡುತ್ತದೆ, ನಾವು ಒಡೆಯಿತು ಅನ್ನುತ್ತೇವೆ. ತಂಬುಳಿಯನ್ನು ಒಲೆಯ ಮೇಲಿಡದಿರುವುದು ಇದಕ್ಕೇ. ಮೆಂತ್ಯದ ತಂಬುಳಿಗೆ ಅರ್ಧ ಚಮಚ ಮೆಂತ್ಯ, ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಒಂದು ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಕಡೆದ ಮಜ್ಜಿಗೆಗೆ ಬೆರೆಸಿ, ಉಪ್ಪು, ಮೇಲೆ ಸಾಸಿವೆ ಮತ್ತು ಒಣಮೆಣಸಿನಕಾಯಿ ಒಗ್ಗರಣೆ. ಮೆಂತ್ಯದ ಜಾಗದಲ್ಲಿ ಒಂದೆಲಗ, ದೊಡ್ಡಪತ್ರೆ, ಶುಂಠಿ, ದಾಳಿಂಬೆ ಸಿಪ್ಪೆ, ನೆಲ್ಲಿಚಟ್ಟು ಏನು ಬೇಕಾದರೂ ಬರಬಹುದು. ಹಿತ್ತಲಲ್ಲಿ ಬೆಳೆದ, ತಿನ್ನಬಹುದಾದ ಎಲೆಗಳಲ್ಲಿ ತಂಬುಳಿಗೆ ಒಗ್ಗದ್ದು ಕಡಿಮೆ. ಹೊಸಬರು ಪ್ರಯೋಗ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮಜ್ಜಿಗೆಹುಳಿಯನ್ನು ಮಾತ್ರ ಕುದಿಸುತ್ತೇವಲ್ಲ, ಅದೇಕೆ ಒಡೆಯುವುದಿಲ್ಲ? ನೆನೆಸಿ ರುಬ್ಬಿದ ಕಡ್ಲೆಬೇಳೆಯ ದೆಸೆಯಿಂದ. ಅದರ ಪಿಷ್ಟ ಬಿಸಿಗೆ ಉಬ್ಬಿ ಪ್ರೋಟೀನಿನ ಕಣಗಳ ನಡುವೆ ಸೇರಿಕೊಂಡು ಅವು ಗುಂಪುಗೂಡದಂತೆ ಅಡ್ಡ ನಿಲ್ಲುತ್ತದೆ. ಅಕ್ಕಿಹಿಟ್ಟು, ಕಡ್ಲೆಹಿಟ್ಟು ಕೂಡ ಇದೇ ಕೆಲಸ ಮಾಡುತ್ತವೆ. ಬೂದುಗುಂಬಳವನ್ನು ಮೊದಲೇ ನೀರಿನಲ್ಲಿ ಬೇಯಿಸಿ, ಕಡ್ಲೆಬೇಳೆ, ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ ರುಬ್ಬಿದ್ದನ್ನು ಹಾಕಿ ಕುದಿಸಿ, ಉರಿ ಸಣ್ಣಗೆ ಮಾಡಿ ಕಡೆದ ಮೊಸರು ಸೇರಿಸಿ ಕೈಯಾಡಿಸುತ್ತಿರಬೇಕು. ಮೊದಲ ಕುದಿ ಬಂದಾಗ ಇಳಿಸುವುದು. ಪಿಷ್ಟದ ಕಾವಲಿಗೂ ಒಂದು ಮಿತಿಯಿದೆ, ಎದ್ದುಬಿದ್ದು ಕುದಿಸಿದರೆ ಅದೂ ಕೈಬಿಡುತ್ತದೆ.

ಪ್ರಯಾಣಕ್ಕೆ ಕಟ್ಟುವ ಮೊಸರನ್ನದಲ್ಲಿ ಹುಳಿ ಹಾಕುವವರು ನಾವಲ್ಲ, ಬ್ಯಾಕ್ಟೀರಿಯಾಗಳು. ಅವಕ್ಕೆ ಸಮಯ ಬಿಡಬೇಕು. ಅನ್ನವನ್ನು ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಕಿವುಚಿ, ಕಾದಾರಿದ ಹಾಲು ಧಾರಾಳವಾಗಿ ಬೆರೆಸಿ, ಕೈಗೆ ಹಿತವಾದಷ್ಟು ಬೆಚ್ಚಗಾದ ಮೇಲೆ ಎರಡೇ ಚಮಚ ಮೊಸರು. ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಬಿಸಿ ಅನ್ನಕ್ಕೇ ಮೊಸರು ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಅನ್ನ ಹಾಲನ್ನವಾಗಿಯೇ ಉಳಿಯುತ್ತದೆ. ಪೂರಾ ಮೊಸರಲ್ಲೇ ಕಲಸಿದರೆ ಬೇಸಿಗೆಯಲ್ಲಿ ದಾವಣಗೆರೆ ದಾಟುವಷ್ಟರಲ್ಲಿ ಬಾಯಿಗಿಡಲಾಗದಷ್ಟು ಹುಳಿ. ಸೆಖೆ ಹೆಚ್ಚಿದಷ್ಟು ಮೊಸರು ಕಡಿಮೆ, ಚಳಿಗಾಲದಲ್ಲಿ ಒಂದು ಚಮಚ ಹೆಚ್ಚು. ಹಸಿ ಸೌತೆಕಾಯಿ, ದಾಳಿಂಬೆ, ದ್ರಾಕ್ಷಿ ಬೆರೆಸುವುದಾದರೆ ತಿನ್ನುವ ಮೊದಲು ಬೆರೆಸಿ. ದ್ರಾಕ್ಷಿ ಹಾಕಿದ ಮೊಸರನ್ನದ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಹೇಳದಿರುವುದೇ ವಾಸಿ.

ನಿಂಬೆಯ ಹೊತ್ತು ಎಲ್ಲರಿಗೂ ಗೊತ್ತು, ಒಲೆ ಆರಿಸಿದ ಮೇಲೆ. ರಸ ಕುದಿದರೆ ಪರಿಮಳ ಹಾರುತ್ತದೆ, ಕಹಿ ತಲೆಯೆತ್ತುತ್ತದೆ, ಸಿ ಜೀವಸತ್ವವೂ ಕುಗ್ಗುತ್ತದೆ. ಚಿತ್ರಾನ್ನದ ಒಗ್ಗರಣೆ ಆರುವವರೆಗೆ ಕಾಯಲಾಗದವರು ರಸವನ್ನು ನೇರವಾಗಿ ಅನ್ನದ ಮೇಲೆ ಹಿಂಡಿಕೊಳ್ಳಬಹುದು. ಹೇರಳೆಕಾಯಿಗೂ ಇದೇ ಮಾತು.

ಮೀನಿಗೆ ಬಂದರೆ ಲೆಕ್ಕ ತಿರುಗುಮುರುಗು. ಮಂಗಳೂರಿನ ಕಡೆ ಬಂಗುಡೆ ಪುಳಿಮುಂಚಿ ಮಾಡುವವರು ಹುಣಸೆಯನ್ನು ಮೆಣಸಿನ ಜೊತೆಗೇ ರುಬ್ಬಿ, ಆ ಮಸಾಲೆಯನ್ನು ಚೆನ್ನಾಗಿ ಕುದಿಸಿ, ಮೀನನ್ನು ಕೊನೆಗೆ ಇಳಿಸುತ್ತಾರೆ. ಮೀನಿನ ನಾತಕ್ಕೆ ಕಾರಣವಾದ ಅಮೈನುಗಳು ಕ್ಷಾರಗುಣದವು. ಹುಳಿ ಸೇರಿದೊಡನೆ ಅವು ಆವಿಯಾಗದ ರೂಪಕ್ಕೆ ತಿರುಗಿ ಮೂಗಿಗೆ ತಟ್ಟುವುದು ನಿಲ್ಲುತ್ತದೆ. ಮೀನಿನಲ್ಲಿ ಕರಗಬೇಕಾದ ಪೆಕ್ಟಿನ್ ಇಲ್ಲ, ಹುಳಿಯಿಂದ ಮಾಂಸ ಗಟ್ಟಿಯಾಗಿ ಹೋಳು ಒಡೆಯದೆ ನಿಲ್ಲುತ್ತದೆ. ಹುಳಿಯನ್ನು ಮೊದಲಿಗೇ ಬೇಡುವ ಇನ್ನೊಂದು ಪದಾರ್ಥ ಕೆಸುವಿನ ಎಲೆ. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಗಂಟಲು ತುರಿಸುವುದು ಅವುಗಳಿಂದ. ತುಳುನಾಡಿನವರು ಆಟಿ ತಿಂಗಳಲ್ಲಿ ಪತ್ರೊಡೆ ಮಾಡುವಾಗ ಅಕ್ಕಿಯ ಹಿಟ್ಟಿಗೇ ಧಾರಾಳವಾಗಿ ಹುಣಸೆ ಸೇರಿಸಿ ಎಲೆಗೆ ಸವರಿ, ಸುರುಳಿ ಸುತ್ತಿ ದೀರ್ಘ ಕಾಲ ಹಬೆಯಲ್ಲಿ ಬೇಯಿಸುವುದು ಈ ತುರಿಕೆ ಕಳೆಯಲು. ಬೆಂಡೆಕಾಯಿ ಗೊಜ್ಜಿನಲ್ಲೂ ಹುಳಿ ಬೇಗ ಬಿದ್ದಷ್ಟು ಲೋಳೆ ಕಡಿಮೆ. ಹಾಗಲಕಾಯಿ ಗೊಜ್ಜು ಎಷ್ಟು ಕುದಿದರೂ ಹೋಳು ಕರಗದಿರುವುದು ಮತ್ತೆ ಆ ಪೆಕ್ಟಿನ್ ಹುಳಿಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದಲೇ. ಬೇಳೆಗೆ ಕಾಟವಾದದ್ದು ಇಲ್ಲಿ ಅನುಕೂಲ.

ಪಾತ್ರೆಯ ಬಗ್ಗೆ ಎರಡು ಮಾತು. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಫಳಫಳ ಹೊಳೆಯುತ್ತದೆ ಅಂದರೆ ಹುಳಿ ಲೋಹವನ್ನು ಕರಗಿಸುತ್ತಿದೆ ಎಂದೇ ಅರ್ಥ. ಆದ್ದರಿಂದ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಪದಾರ್ಥ ಮಾಡುವುದೂ ಇಡುವುದೂ ಬೇಡ. ಹಳೆಯ ಪಾತ್ರೆಗಳು ಮತ್ತೆ ಫ್ಯಾಷನ್ನಾಗಿ ಮಾರಾಟವಾಗುತ್ತಿರುವ ಈಗ ಇದನ್ನು ಹೇಳಲೇಬೇಕು. ಕೊಳ್ಳುವ ಮೊದಲು ಒಳಗೆ ಬೆಳ್ಳಗಿನ ತವರದ ಲೇಪವಿದೆಯೇ ನೋಡಿ. ಅಲ್ಯುಮಿನಿಯಮ್ಮೂ ಹುಳಿಗೆ ಸವೆಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಣಸೆ ಕುದಿಸಿದರೆ ಸಾರು ಕಪ್ಪಗಾಗಿ ಲೋಹದ ರುಚಿ ಬರುತ್ತದೆ. ಸ್ಟೀಲು, ಕಲ್ಚಟ್ಟಿ, ಮಣ್ಣಿನ ಗಡಿಗೆ ಸಾಕು.

ಇಷ್ಟೆಲ್ಲ ಆದಮೇಲೂ ಒಂದು ದಿನ ಸಾರು ಹುಳಿಯಾಗಿಯೇ ಆಗುತ್ತದೆ. ಹಳೆಯ ಕಪ್ಪು ಹುಣಸೆ, ಹೊಸ ಕೆಂಪು ಹುಣಸೆ, ವಿದೇಶದ ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುವ ಗಟ್ಟಿ ಸಾರ, ಒಂದೊಂದರ ಹುಳಿ ಒಂದೊಂದು ತೂಕದ್ದು. ಸೀಸೆಯದ್ದಾದರೆ ಅರ್ಧ ಚಮಚದಿಂದ ಶುರುಮಾಡಿ, ಅದು ಮೊದಲೇ ಬತ್ತಿಸಿದ್ದು, ಹಸಿವಾಸನೆಗೆಂದು ಹೆಚ್ಚು ಕುದಿಸಬೇಕಾಗಿಯೂ ಇಲ್ಲ. ಹುಳಿ ಮೀರಿದರೆ ಬೆಲ್ಲ ಹಾ‌ಕುವುದು ರೂಢಿ. ಬೆಲ್ಲ ಹುಳಿಯನ್ನು ಕಡಿಮೆ ಮಾಡುವುದಿಲ್ಲ, ನಾಲಗೆಗೆ ಗೊತ್ತಾಗದಂತೆ ಮರೆಮಾಡುತ್ತದೆ ಅಷ್ಟೇ, ಹಾಗಾಗಿ ಒಂದು ಚೂರಿಗಿಂತ ಹೆಚ್ಚು ಸುರಿದರೆ ಹುಳಿಯೂ ಉಳಿದು ಸಿಹಿಯೂ ಸೇರಿ ಉಡುಪಿ ಹೋಟೆಲಿನ ಸಾಂಬಾರಾಗುತ್ತದೆ. ಅದನ್ನು ಮೆಚ್ಚುವವರೂ ಬಹಳ ಮಂದಿ, ಅವರೊಡನೆ ನನಗೆ ವಾದವಿಲ್ಲ. ಚಿಟಿಕೆ ಸೋಡಾ ಹುಳಿಯನ್ನು ನಿಜವಾಗಿಯೇ ಕೊಲ್ಲುತ್ತದೆ, ಜೊತೆಗೆ ಅರಿಸಿನವನ್ನು ಕೆಂಪಾಗಿಸಿ ಸಾರಿನ ರುಚಿಯನ್ನೂ ಕೊಲ್ಲುತ್ತದೆ. ಸರಿಯಾದ ದಾರಿ ಬೇಳೆಕಟ್ಟು. ಹುಳಿಯಾದ ಸಾರನ್ನು ಅರ್ಧ ತೆಗೆದು ಫ್ರಿಜ್ಜಿನಲ್ಲಿಟ್ಟು, ಉಳಿದರ್ಧಕ್ಕೆ ಅಷ್ಟೇ ಬೇಳೆಕಟ್ಟು ಬೆರೆಸಿ ನೊರೆ ಬರುವಷ್ಟು ಬಿಸಿ ಮಾಡಿ. ಮರುದಿನ ಇನ್ನರ್ಧಕ್ಕೆ ಹೊಸದಾಗಿ ಬೇಳೆ ಬೇಯಿಸಿ ಹಾಗೆಯೇ ಮಾಡಿ, ಇಳಿಸುವಾಗ ಅರ್ಧ ಚಮಚ ಪುಡಿ ಸೇರಿಸಿ, ಉಪ್ಪನ್ನು ಇನ್ನೊಮ್ಮೆ ನೋಡಿಕೊಳ್ಳಿ.